ಕಡಲಿನ ಮೇಲಿನ ಗಾಳಿಯಲ್ಲಿ ಲೇಸರ್ ಕಿರಣ: ನನ್ನ ಸಂಶೋಧನೆಯ ಅನುಭವ

ಯುದ್ಧನೌಕೆಯ ಮೇಲಿನ ಲೇಸರ್ ಆಯುಧದ ಮಾತು ಬಂದಾಗಲೆಲ್ಲ ಜನ ಮೊದಲು ಕೇಳುವುದು ಅದು ಎಷ್ಟು ಕಿಲೋವ್ಯಾಟಿನದು ಎಂದು. ಈ ವಿಷಯದಲ್ಲಿ ಎರಡು ದಶಕಕ್ಕೂ ಮಿಕ್ಕಿ ಸಂಶೋಧನೆ ಮತ್ತು ಅಧ್ಯಾಪನ ಮಾಡಿಕೊಂಡು ಬಂದಿರುವ ನಾನು ಮೊದಲು ಕೇಳುವುದು ಬೇರೆಯದನ್ನು: ಪರೀಕ್ಷೆ ನಡೆದ ಹೊತ್ತಿನಲ್ಲಿ ಕಡಲ ನೀರಿನ ಉಷ್ಣತೆ ಎಷ್ಟಿತ್ತು, ಅದರ ಮೇಲಿನ ಗಾಳಿಯ ಉಷ್ಣತೆ ಎಷ್ಟಿತ್ತು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು? ಹಡಗಿನ ಕನ್ನಡಿಯನ್ನು ಬಿಟ್ಟು ಹೊರಟ ಕಿರಣ ಗುರಿಯನ್ನು ಮುಟ್ಟುವಷ್ಟರಲ್ಲಿ ಏನಾಗಿರುತ್ತದೆ ಎನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಸಂಗತಿಗಳೇ. ಲೇಸರಿನ ಶಕ್ತಿಯನ್ನು ಹೆಚ್ಚಿಸುವವನಾಗಿ ಈ ಕ್ಷೇತ್ರಕ್ಕೆ ಬಂದ ನಾನು ಗಾಳಿಯನ್ನು ಅಳೆಯುವವನಾಗಿ ಇದರಲ್ಲಿ ಉಳಿದೆ. ಆ ದಾರಿ ಹೇಗೆ ಸಾಗಿತು, ಕೆಲಸವನ್ನು ಹೇಗೆ ಮಾಡಿದೆ ಎನ್ನುವುದನ್ನು ಭೌತವಿಜ್ಞಾನ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಭೌತಶಾಸ್ತ್ರವೆಲ್ಲ ವೈಜ್ಞಾನಿಕ ನಿಯತಕಾಲಿಕಗಳಲ್ಲಿ ಬಹಿರಂಗವಾಗಿ ಪ್ರಕಟವಾಗಿರುವಂಥದ್ದು. ಉಳಿದದ್ದರ ಬಗ್ಗೆ ನಾನು ಎಲ್ಲಿಯೂ ಮಾತನಾಡುವುದಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ ಲೇಸರ್ ಎಂದರೆ ನನಗೆ ಪ್ರಯೋಗಾಲಯದ ಮೇಜಿನ ಮೇಲಿನ ಹೀಲಿಯಂ-ನಿಯಾನ್ ಕೊಳವೆಯಷ್ಟೇ ಆಗಿತ್ತು. ಅಮೆರಿಕಕ್ಕೆ ಪಿಎಚ್.ಡಿ.ಗೆಂದು ಹೋದಾಗ ಆಯ್ದುಕೊಂಡ ವಿಷಯ ಮುಕ್ತ ಎಲೆಕ್ಟ್ರಾನ್ ಲೇಸರ್. ಸ್ಟ್ಯಾನ್‌ಫರ್ಡ್‌ನ ಜಾನ್ ಮೇಡಿ 1971ರಲ್ಲಿ ಪ್ರಕಟಿಸಿ, 1977ರಲ್ಲಿ ತಮ್ಮ ಸಂಗಡಿಗರೊಂದಿಗೆ ಕಾರ್ಯರೂಪಕ್ಕೆ ತಂದ ಈ ಲೇಸರಿನಲ್ಲಿ ಹರಳೂ ಇಲ್ಲ, ಅನಿಲವೂ ಇಲ್ಲ. ಬೆಳಕಿನ ವೇಗಕ್ಕೆ ಅತಿ ಸಮೀಪದ ವೇಗದಲ್ಲಿ ಓಡುವ ಎಲೆಕ್ಟ್ರಾನುಗಳ ಕಿರಣವೊಂದನ್ನು, ಉತ್ತರ ದಕ್ಷಿಣ ಧ್ರುವಗಳು ಸರದಿಯಂತೆ ಬದಲಾಗುವ ಆಯಸ್ಕಾಂತಗಳ ಸಾಲಿನ ನಡುವೆ ಹಾಯಿಸುತ್ತಾರೆ. ಅಲ್ಲಿ ಅಂಕುಡೊಂಕಾಗಿ ಚಲಿಸುವ ಎಲೆಕ್ಟ್ರಾನುಗಳು ತಮ್ಮ ಚಲನಶಕ್ತಿಯ ಒಂದು ಪಾಲನ್ನು ಬೆಳಕಿಗೆ ಬಿಟ್ಟುಕೊಡುತ್ತವೆ. ಎಲೆಕ್ಟ್ರಾನಿನ ಶಕ್ತಿಯನ್ನು ಬದಲಿಸಿದರೆ ಬೆಳಕಿನ ತರಂಗಾಂತರ ಬದಲಾಗುತ್ತದೆ. ಅಮೆರಿಕದ ನೌಕಾಪಡೆಗೆ ಇದರ ಮೇಲೆ ಆಸೆ ಹುಟ್ಟಿದ್ದೂ ಈ ಗುಣದಿಂದಲೇ. ಇದರ ಗಣಿತ ನನಗೆ ಬಹಳ ಹಿಡಿಸಿತ್ತು. ಬೆಳಕಿನ ಅಲೆಗೆ ಹೋಲಿಸಿದರೆ ಎಲೆಕ್ಟ್ರಾನು ಯಾವ ಹಂತದಲ್ಲಿ (ಫೇಸ್) ಇದೆ ಎನ್ನುವುದನ್ನು ಪದವಿ ತರಗತಿಯಲ್ಲಿ ಓದುವ ಲೋಲಕದ ಸಮೀಕರಣವೇ ವಿವರಿಸುತ್ತದೆ ಎಂದು ವಿಲಿಯಂ ಕೋಲ್ಸನ್ ತೋರಿಸಿಕೊಟ್ಟಿದ್ದರು. ಲಕ್ಷಾಂತರ ಲೋಲಕಗಳನ್ನು ಗಣಕದಲ್ಲಿ ಒಟ್ಟಿಗೆ ಓಡಿಸಿ, ಅವು ಬೆಳಕಿಗೆ ಎಷ್ಟು ಶಕ್ತಿ ಕೊಟ್ಟವು ಎಂದು ಲೆಕ್ಕ ಹಾಕುವುದರಲ್ಲಿ ನನ್ನ ಸಂಶೋಧನಾ ವಿದ್ಯಾರ್ಥಿ ಜೀವನದ ಹೆಚ್ಚಿನ ಭಾಗ ಕಳೆಯಿತು.

ನೌಕಾಪಡೆ ತರಂಗಾಂತರದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡದ್ದಕ್ಕೆ ಹಿಂದಿನ ಅನುಭವವೇ ಕಾರಣ. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ರೂಪಿಸಿದ ಇಂಗಾಲದ ಡೈಆಕ್ಸೈಡ್ ಲೇಸರ್ ಬಹುಬೇಗ ದೊಡ್ಡ ಶಕ್ತಿಯನ್ನು ಮುಟ್ಟಿತಾದರೂ, ಅದರ 10.6 ಮೈಕ್ರಾನಿನ ಬೆಳಕನ್ನು ಕಡಲಿನ ಮೇಲಿನ ನೀರಾವಿ ಚೆನ್ನಾಗಿ ಹೀರಿಕೊಳ್ಳುತ್ತದೆ. ಆಮೇಲೆ ಬಂದದ್ದು ಮಿರಾಕಲ್ ಎಂದು ಹೆಸರಾದ ಡ್ಯುಟೀರಿಯಂ ಫ್ಲೋರೈಡ್ ರಾಸಾಯನಿಕ ಲೇಸರ್. 1980ರಲ್ಲಿ ಮೊದಲ ಬಾರಿ ಬೆಳಗಿದ ಅದರ ಶಕ್ತಿ ಮೆಗಾವ್ಯಾಟಿನ ಮಟ್ಟದ್ದು, ತರಂಗಾಂತರ 3.8 ಮೈಕ್ರಾನಿನ ಆಸುಪಾಸಿನದು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ 1989ರಲ್ಲಿ ಅದು ಶಬ್ದಾತೀತ ವೇಗದ ವ್ಯಾಂಡಲ್ ಕ್ಷಿಪಣಿಯೊಂದನ್ನು ಹೊಡೆದುರುಳಿಸಿತು. ಹಾಗಿದ್ದೂ ಅದು ಹಡಗಿಗೆ ಏರಲಿಲ್ಲ. ವಿಷಕಾರಿ ಫ್ಲೋರಿನ್ ಸಂಯುಕ್ತಗಳನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿಕೊಂಡು ಸಾಗುವುದು ಯಾವ ಕಪ್ತಾನನಿಗೂ ಬೇಡವಾದ ಕೆಲಸ. ಅದಕ್ಕಿಂತ ಮುಖ್ಯವಾಗಿ, ಮರುಭೂಮಿಯ ಒಣ ಗಾಳಿಯಲ್ಲಿ ಗೆದ್ದ ಕಿರಣ ಕಡಲಿನ ತೇವದ ಗಾಳಿಯಲ್ಲಿ ಅಷ್ಟೇ ಸಮರ್ಥವಾಗಿ ಸಾಗಲಾರದಾಗಿತ್ತು. ಬೇಕಾದ ತರಂಗಾಂತರವನ್ನು ನಾವೇ ಆರಿಸಿಕೊಳ್ಳುವಂತಿದ್ದರೆ, ನೀರಾವಿ ಕಡಿಮೆ ಹೀರುವ 1.05, 1.6 ಅಥವಾ 2.2 ಮೈಕ್ರಾನಿನ ಸುತ್ತಲಿನ ಕಿಂಡಿಗಳಲ್ಲಿ ಕಿರಣವನ್ನು ಕಳಿಸಬಹುದಲ್ಲ ಎಂಬ ಯೋಚನೆ ಮುಕ್ತ ಎಲೆಕ್ಟ್ರಾನ್ ಲೇಸರಿಗೆ ಬೆಂಬಲ ತಂದುಕೊಟ್ಟಿತು. ವರ್ಜೀನಿಯಾದ ಜೆಫರ್ಸನ್ ಲ್ಯಾಬ್ 2006ರ ಅಕ್ಟೋಬರಿನಲ್ಲಿ 1.6 ಮೈಕ್ರಾನಿನಲ್ಲಿ 14 ಕಿಲೋವ್ಯಾಟ್ ಸರಾಸರಿ ಶಕ್ತಿಯನ್ನು ಮುಟ್ಟಿದಾಗ ನಮ್ಮಂಥವರ ಸಂಭ್ರಮ ಹೇಳತೀರದು.

ಆದರೆ ಅದೇ ವರ್ಷಗಳಲ್ಲಿ ಕಾರಿನ ಬಿಡಿಭಾಗಗಳನ್ನು ಬೆಸೆಯಲೆಂದು ತಯಾರಾಗುತ್ತಿದ್ದ, ಗಾಜಿನ ತೆಳು ಎಳೆಯೊಳಗೇ ಬೆಳಕನ್ನು ಬಲಪಡಿಸುವ ಫೈಬರ್ ಲೇಸರ್ ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು. ಮುಕ್ತ ಎಲೆಕ್ಟ್ರಾನ್ ಲೇಸರಿಗೆ ಎಲೆಕ್ಟ್ರಾನುಗಳನ್ನು ಓಡಿಸುವ ವೇಗವರ್ಧಕ ಬೇಕು, ಅದರ ಅತಿವಾಹಕ ಕುಹರಗಳನ್ನು ದ್ರವ ಹೀಲಿಯಮ್ಮಿನಲ್ಲಿ ತಣ್ಣಗಿಡಬೇಕು, ವಿಕಿರಣದಿಂದ ಸಿಬ್ಬಂದಿಯನ್ನು ಕಾಪಾಡಲು ದಪ್ಪ ಗೋಡೆ ಬೇಕು. ಫೈಬರ್ ಲೇಸರಿಗೆ ಬೇಕಾದದ್ದು ವಿದ್ಯುತ್ತು ಮತ್ತು ತಣ್ಣೀರು. ವಾಷಿಂಗ್ಟನ್ನಿನ ನೌಕಾ ಸಂಶೋಧನಾಲಯದಲ್ಲಿ ಫಿಲಿಪ್ ಸ್ಪ್ರ್ಯಾಂಗಲ್, ಜೋಸೆಫ್ ಪೆನಾನೋ ಮೊದಲಾದವರು ಮುಂದಿಟ್ಟ ವಾದ ಸರಳವಾಗಿತ್ತು. ಹಲವು ಫೈಬರ್ ಲೇಸರುಗಳ ಅಲೆಗಳನ್ನು ಒಂದೇ ತಾಳಕ್ಕೆ ತರುವ ಕಷ್ಟದ ಕೆಲಸಕ್ಕೆ ಕೈಹಾಕದೆ, ಅವನ್ನು ಅಕ್ಕಪಕ್ಕದಲ್ಲಿಟ್ಟು ಗುರಿಯ ಮೇಲೆ ಒಂದರ ಮೇಲೊಂದು ಬೀಳುವಂತೆ ಮಾಡಿದರೂ, ಪ್ರಕ್ಷುಬ್ಧ ಗಾಳಿಯಲ್ಲಿ, ಅಂದರೆ ಸುಳಿಸುಳಿಯಾಗಿ ಕದಡಿದ ಗಾಳಿಯಲ್ಲಿ, ಹೆಚ್ಚಿನ ನಷ್ಟವಾಗುವುದಿಲ್ಲ. ಏಕೆಂದರೆ ಕೆಲವು ಕಿಲೋಮೀಟರು ದೂರದಲ್ಲಿ ಕಿರಣದ ಗಾತ್ರವನ್ನು ತೀರ್ಮಾನಿಸುವುದು ಲೇಸರಿನ ಅಚ್ಚುಕಟ್ಟಿಗಿಂತ ಹೆಚ್ಚಾಗಿ ಗಾಳಿ. 2014ರಲ್ಲಿ ಪರ್ಷಿಯನ್ ಕೊಲ್ಲಿಗೆ ಹೋದ ಯು.ಎಸ್.ಎಸ್. ಪಾನ್ಸ್ ಹಡಗಿನ ಮೇಲಿದ್ದದ್ದು ಈ ಬಗೆಯದೇ: ತಲಾ 5.5 ಕಿಲೋವ್ಯಾಟಿನ 6 ಬೆಸುಗೆ ಲೇಸರುಗಳನ್ನು ಕೂಡಿಸಿದ, ಸುಮಾರು 30 ಕಿಲೋವ್ಯಾಟಿನ ವ್ಯವಸ್ಥೆ. ಅದಕ್ಕೂ ಮೊದಲೇ, 2011–12ರ ಸುಮಾರಿಗೆ, ಮುಕ್ತ ಎಲೆಕ್ಟ್ರಾನ್ ಲೇಸರಿನ ನೌಕಾ ಯೋಜನೆ ಹಿಂದೆ ಸರಿದು ಹಣವೆಲ್ಲ ಫೈಬರ್ ಲೇಸರಿನಂಥ ಘನಸ್ಥಿತಿಯ ಲೇಸರುಗಳತ್ತ ತಿರುಗಿತ್ತು.

ಹಣ ತಿರುಗಿದ ಕಡೆಗೇ ನಾನೂ ತಿರುಗಿದೆ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಇದು: ನೌಕಾ ಸಂಶೋಧನಾಲಯದ ಆ ವಾದವನ್ನು ಓದಿದಾಗ, ಅಷ್ಟು ದಿನ ಯಾವುದನ್ನು ಬರಿಯ ಹಾದಿ ಎಂದುಕೊಂಡಿದ್ದೆನೋ ಆ ಗಾಳಿಯೇ ಇಲ್ಲಿ ಮುಖ್ಯ ಭೌತಶಾಸ್ತ್ರ ಎನ್ನುವುದು ನನಗೆ ಸ್ಪಷ್ಟವಾಯಿತು. ಆ ಹೊತ್ತಿಗೆ ನಾನು ನೌಕಾಪಡೆಯ ಅಧಿಕಾರಿಗಳು ಸ್ನಾತಕೋತ್ತರ ಪದವಿಗೆಂದು ಬರುವ ಸಂಸ್ಥೆಯೊಂದರಲ್ಲಿ ಅಧ್ಯಾಪಕನಾಗಿದ್ದೆ. ಬೆಳಕಿನ ಅಲೆಯನ್ನು ಹೆಜ್ಜೆಹೆಜ್ಜೆಯಾಗಿ ಮುಂದಕ್ಕೆ ಸಾಗಿಸುವ ಗಣಕ ವಿಧಾನಗಳು ಎರಡೂ ಕ್ಷೇತ್ರಗಳಿಗೆ ಸಮಾನವಾದ್ದರಿಂದ, ಎಲೆಕ್ಟ್ರಾನುಗಳನ್ನು ತೆಗೆದು ಆ ಜಾಗದಲ್ಲಿ ಗಾಳಿಯನ್ನು ತುಂಬುವುದು ಅಂದುಕೊಂಡಷ್ಟು ದೂರದ ಪ್ರಯಾಣವಾಗಿರಲಿಲ್ಲ.

ಒಂದು ಉದಾಹರಣೆಯನ್ನು ಲೆಕ್ಕ ಸಮೇತ ನೋಡೋಣ. ನನ್ನ ವಿದ್ಯಾರ್ಥಿಗಳಿಗೂ ಮೊದಲ ವಾರವೇ ಇದನ್ನು ಕೊಡುತ್ತೇನೆ. ತರಂಗಾಂತರ 1.06 ಮೈಕ್ರಾನ್, ಹಡಗಿನ ಮೇಲಿನ ಕನ್ನಡಿಯ ವ್ಯಾಸ 30 ಸೆಂಟಿಮೀಟರ್, ಗುರಿಯ ದೂರ 5 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನಡುವೆ ಗಾಳಿಯೇ ಇಲ್ಲದಿದ್ದರೆ ವಿವರ್ತನೆಯ ನಿಯಮದ ಪ್ರಕಾರ ಕಿರಣ ಗುರಿಯ ಮೇಲೆ 2 ಸೆಂಟಿಮೀಟರಿಗೂ ಕಡಿಮೆ ಅಗಲದ ಚುಕ್ಕೆಯಾಗಿ ಬೀಳಬೇಕು. ಈಗ ಗಾಳಿಯನ್ನು ಸೇರಿಸಿ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯಲ್ಲಿ ದೂರದ ಬಸ್ಸು ನಡುಗುತ್ತ ಕಾಣುವುದನ್ನು ನಾವೆಲ್ಲ ನೋಡಿದ್ದೇವೆ. ಬಿಸಿ ಮತ್ತು ತಂಪು ಗಾಳಿಯ ಸುಳಿಗಳಲ್ಲಿ ಬೆಳಕು ಬೇರೆಬೇರೆ ವೇಗದಲ್ಲಿ ಸಾಗುವುದೇ ಅದಕ್ಕೆ ಕಾರಣ. ಒಂದು ಡಿಗ್ರಿಯ ವ್ಯತ್ಯಾಸ ಗಾಳಿಯ ವಕ್ರೀಭವನ ಸೂಚ್ಯಂಕವನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಬದಲಿಸುತ್ತದೆ, ಆದರೆ ಕಿಲೋಮೀಟರುಗಟ್ಟಲೆ ಹಾದಿಯಲ್ಲಿ ಆ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗುತ್ತವೆ. ಈ ನಡುಕದ ಬಲವನ್ನು ಅಳೆಯುವ ರಾಶಿಗೆ ನಮ್ಮವರು ಸಿ-ಎನ್-ಸ್ಕ್ವೇರ್ಡ್ ಎನ್ನುತ್ತಾರೆ. ಕಡಲಿನ ಮೇಲೆ ಅದು ಹತ್ತರ ಮೈನಸ್ 15ನೇ ಘಾತದಷ್ಟಿದ್ದರೆ (ಮೀಟರಿನ ಮೈನಸ್ ಮೂರನೇ ಎರಡು ಘಾತದ ಏಕಮಾನದಲ್ಲಿ) ನಮ್ಮ ಚುಕ್ಕೆಯ ಅಗಲ ಸುಮಾರು 4 ಸೆಂಟಿಮೀಟರಿಗೆ ಹಿಗ್ಗುತ್ತದೆ. ಹತ್ತರ ಮೈನಸ್ 14ನೇ ಘಾತಕ್ಕೆ ಏರಿತೆಂದರೆ ಅಗಲ ಸುಮಾರು 15 ಸೆಂಟಿಮೀಟರ್. ಇವೆರಡೂ ಅಪರೂಪದ ಬೆಲೆಗಳಲ್ಲ. ಒಂದೇ ಜಾಗದಲ್ಲಿ ಒಂದೇ ದಿನದಲ್ಲಿ ಎರಡನ್ನೂ ಕಾಣಬಹುದು. ಅಗಲ 4ರಿಂದ 15ಕ್ಕೆ ಏರಿದರೆ ವಿಸ್ತೀರ್ಣ ಹದಿನಾಲ್ಕು ಪಟ್ಟು ಹೆಚ್ಚುತ್ತದೆ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ ಅಷ್ಟೇ ಪಟ್ಟು ಇಳಿಯುತ್ತದೆ. ಆ ಇಳಿಕೆಯನ್ನು ಲೇಸರಿನಿಂದ ತುಂಬಿಕೊಡಬೇಕಾದರೆ 30 ಕಿಲೋವ್ಯಾಟಿನ ಜಾಗದಲ್ಲಿ 400 ಕಿಲೋವ್ಯಾಟಿನ ಲೇಸರ್ ಬೇಕಾಗುತ್ತದೆ. ಕಿಲೋವ್ಯಾಟಿಗಿಂತ ಮೊದಲು ಉಷ್ಣತೆಯನ್ನು ಕೇಳುತ್ತೇನೆ ಎಂದದ್ದು ಇದಕ್ಕೇ.

ಇದನ್ನು ಗಣಕದಲ್ಲಿ ಅನುಕರಿಸುವ ಬಗೆ ಹೀಗಿದೆ. ಹಾದಿಯನ್ನು ಹಲವು ತುಂಡುಗಳನ್ನಾಗಿ ಮಾಡಿ, ಪ್ರತಿ ತುಂಡಿನ ಪ್ರಕ್ಷುಬ್ಧತೆಯನ್ನೆಲ್ಲ ಫೇಸ್ ಸ್ಕ್ರೀನ್ ಎಂಬ ಒಂದು ತೆಳುಪದರದಲ್ಲಿ ಇಡುತ್ತೇವೆ; ಕೊಲ್ಮೊಗೊರೊವ್ 1941ರಲ್ಲಿ ಕೊಟ್ಟ ಸುಳಿಗಳ ಸಿದ್ಧಾಂತಕ್ಕೆ ಒಪ್ಪುವಂತೆ ಯಾದೃಚ್ಛಿಕ ಸಂಖ್ಯೆಗಳಿಂದ ಆ ಪದರವನ್ನು ರಚಿಸಬೇಕು. ಒಂದು ಪದರದಿಂದ ಇನ್ನೊಂದಕ್ಕೆ ಬೆಳಕನ್ನು ಫೂರಿಯೇ ಪರಿವರ್ತನೆಯ ಮೂಲಕ ದಾಟಿಸಿ, ಇಂಥ ನೂರಾರು ಯಾದೃಚ್ಛಿಕ ಗಾಳಿಗಳಲ್ಲಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆಯಬೇಕು. ಕೇಳಲು ಸುಲಭವಾದ ಈ ಕೆಲಸದಲ್ಲಿ ಹೊಸಬರು ತಪ್ಪದೆ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಫೂರಿಯೇ ವಿಧಾನದಿಂದ ರಚಿಸಿದ ಪದರದಲ್ಲಿ, ಪದರಕ್ಕಿಂತ ದೊಡ್ಡದಾದ ಸುಳಿಗಳಿಗೆ ಜಾಗವಿರುವುದಿಲ್ಲ. ಆದರೆ ಕಿರಣ ಇಡಿಯಾಗಿ ಅತ್ತಿತ್ತ ಅಲೆದಾಡುವುದು ಆ ದೊಡ್ಡ ಸುಳಿಗಳಿಂದಲೇ. ಅವನ್ನು ಬೇರೆಯಾಗಿ ಸೇರಿಸದಿದ್ದರೆ ಗಣಕ ತೋರಿಸುವ ಕಿರಣ ನಿಜಕ್ಕಿಂತ ಸ್ಥಿರವಾಗಿ ಕಾಣುತ್ತದೆ. ಆದ್ದರಿಂದ ಯಾವ ಫಲಿತಾಂಶವನ್ನಾದರೂ ನಂಬುವ ಮೊದಲು ನಾನು ಎರಡು ಪರೀಕ್ಷೆಗಳನ್ನು ಕಡ್ಡಾಯ ಮಾಡಿಕೊಂಡಿದ್ದೇನೆ: ಗಾಳಿಯನ್ನು ತೆಗೆದು ಓಡಿಸಿದಾಗ ಪಠ್ಯಪುಸ್ತಕದ ಗಾಸಿಯನ್ ಕಿರಣ ಚಾಚೂ ತಪ್ಪದೆ ಬರಬೇಕು; ಪದರಗಳನ್ನು ಮಾತ್ರ ಪ್ರತ್ಯೇಕವಾಗಿ ಅಳೆದಾಗ ಅವುಗಳ ಅಂಕಿಅಂಶ ಡೇವಿಡ್ ಫ್ರೀಡ್ 1966ರಲ್ಲಿ ಕೊಟ್ಟ ಸೂತ್ರದೊಂದಿಗೆ ಹೊಂದಬೇಕು.

ಇಷ್ಟರಲ್ಲಿ ಲೇಸರ್ ದುರ್ಬಲವೋ ಪ್ರಬಲವೋ ಎನ್ನುವ ಪ್ರಶ್ನೆ ಬರುವುದಿಲ್ಲ. ಪ್ರಕ್ಷುಬ್ಧತೆಗೆ ಎರಡೂ ಒಂದೇ. ಪ್ರಬಲ ಲೇಸರಿಗೆ ಮಾತ್ರ ಎದುರಾಗುವ ತೊಡಕು ಬೇರೊಂದಿದೆ. ಕಿರಣದ ಶಕ್ತಿಯಲ್ಲಿ ಅಲ್ಪಾಂಶವನ್ನು ನೀರಾವಿ ಮತ್ತು ಉಪ್ಪಿನ ಕಣಗಳು ಹೀರಿಕೊಂಡು ಗಾಳಿಯನ್ನು ಬಿಸಿ ಮಾಡುತ್ತವೆ, ಬಿಸಿಯಾದ ಗಾಳಿ ತೆಳುವಾಗುತ್ತದೆ, ತೆಳುವಾದ ಗಾಳಿ ಕಿರಣವನ್ನು ಹೊರಕ್ಕೆ ಚೆದುರಿಸುವ ಮಸೂರವಾಗುತ್ತದೆ. ಥರ್ಮಲ್ ಬ್ಲೂಮಿಂಗ್ ಎನ್ನುವ ಈ ವಿದ್ಯಮಾನದ ಕ್ರೂರ ಗುಣವೆಂದರೆ, ಒಂದು ಮಿತಿಯನ್ನು ದಾಟಿದ ಮೇಲೆ ಲೇಸರಿನ ಶಕ್ತಿಯನ್ನು ಹೆಚ್ಚಿಸಿದಷ್ಟೂ ಗುರಿಯ ಮೇಲೆ ಬೀಳುವ ಶಕ್ತಿಸಾಂದ್ರತೆ ಕಡಿಮೆಯಾಗುತ್ತದೆ. ಅಡ್ಡಗಾಳಿ ಬೀಸುತ್ತಿದ್ದರೆ ಅದು ಬಿಸಿಗಾಳಿಯನ್ನು ತಳ್ಳಿಕೊಂಡು ಹೋಗಿ ಕಿರಣಕ್ಕೆ ಉಪಕಾರ ಮಾಡುತ್ತದೆ. ಗುರಿ ಅಡ್ಡಲಾಗಿ ಹಾರುತ್ತಿದ್ದರೂ ಕಿರಣ ಅದರ ಹಿಂದೆ ತಿರುಗುತ್ತ ಹೊಸ ಗಾಳಿಯನ್ನು ಸೇರುತ್ತಿರುತ್ತದೆ. ನೌಕಾಪಡೆಗೆ ಅತಿ ಮುಖ್ಯವಾದ ಸಂದರ್ಭ ಇದಕ್ಕೆ ತದ್ವಿರುದ್ಧ. ಹಡಗಿನತ್ತಲೇ ನೇರವಾಗಿ ಧಾವಿಸಿ ಬರುವ ಕ್ಷಿಪಣಿಯ ಮೇಲೆ ಕಿರಣ ತಿರುಗಬೇಕಾಗಿಲ್ಲ. ಗಾಳಿಯೂ ನಿಂತಿದ್ದರೆ ಕಿರಣ ತಾನೇ ಕಾಯಿಸಿದ ಕೊಳವೆಯಂಥ ಗಾಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಡಲು ಶಾಂತವಾಗಿರುವ, ನೋಡಲು ಬಹಳ ಹಿತವಾದ ದಿನ ಲೇಸರಿಗೆ ಕಷ್ಟದ ದಿನವಾಗಬಹುದು ಎಂಬುದನ್ನು ಅಧಿಕಾರಿಗಳಿಗೆ ಮನದಟ್ಟು ಮಾಡಿಸಲು ನಾನು ಸಾಕಷ್ಟು ಶ್ರಮಪಟ್ಟಿದ್ದೇನೆ.

ಗಣಕದೊಳಗೆ ನಾವು ಹಾಕುವ ಸಿ-ಎನ್-ಸ್ಕ್ವೇರ್ಡ್ ಬೆಲೆ ಎಲ್ಲಿಂದ ಬರಬೇಕು ಎನ್ನುವ ಪ್ರಶ್ನೆ ನನ್ನನ್ನು ಕೊನೆಗೆ ದಡಕ್ಕೆ ಕರೆದೊಯ್ದಿತು. ಸಿದ್ಧಾಂತಿಯಾಗಿ ತರಬೇತಾದ ನನಗೆ ಉಪಕರಣಗಳ ಕೆಲಸ ಹೊಸದು. ಕೊಲ್ಲಿಯೊಂದರ ಎದುರುಬದುರು ದಡಗಳಲ್ಲಿ ಸಿಂಟಿಲೋಮೀಟರಿನ ಎರಡು ತುದಿಗಳನ್ನು ನಿಲ್ಲಿಸಿದೆವು. ಒಂದು ತುದಿಯಿಂದ ಹೊರಟ ಬೆಳಕು ಇನ್ನೊಂದು ತುದಿಯಲ್ಲಿ ಎಷ್ಟು ಮಿನುಗುತ್ತದೆ ಎನ್ನುವುದರಿಂದ ಹಾದಿಯ ಪ್ರಕ್ಷುಬ್ಧತೆಯನ್ನು ಅದು ಲೆಕ್ಕ ಹಾಕುತ್ತದೆ. ಜೊತೆಗೆ ಗಾಳಿಯ ವೇಗವನ್ನು ಮೂರು ದಿಕ್ಕಿನಲ್ಲೂ ಅಳೆಯುವ ಧ್ವನಿ ಅನಿಮೋಮೀಟರ್, ತೇವಮಾಪಕ, ನೀರಿನ ಮೇಲ್ಮೈಯ ಉಷ್ಣತೆಯನ್ನು ದೂರದಿಂದಲೇ ಓದುವ ಅವಗೆಂಪು ಮಾಪಕ. ಸಿಂಟಿಲೋಮೀಟರಿನ ಕಿಟಕಿಯ ಮೇಲೆ ಉಪ್ಪು ಕಟ್ಟುತ್ತದೆ, ಹಕ್ಕಿಗಳು ಕೂರುತ್ತವೆ, ಮಂಜು ಬಂದರೆ ಸಂಕೇತವೇ ಸತ್ತುಹೋಗುತ್ತದೆ. ಅಂಕಿಗಳನ್ನು ಶುದ್ಧಗೊಳಿಸುವ ಕೆಲಸ ಅಳೆಯುವ ಕೆಲಸಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ, ಮತ್ತು ಅದನ್ನು ಬೇರೆಯವರಿಗೆ ಬಿಡಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾವ ಅಂಕಿ ಮಂಜಿನದು, ಯಾವುದು ಗಾಳಿಯದು ಎನ್ನುವುದು ಆ ದಿನ ದಡದಲ್ಲಿ ನಿಂತಿದ್ದವರಿಗೆ ಮಾತ್ರ ಸರಿಯಾಗಿ ಗೊತ್ತಾಗುತ್ತದೆ.

ನೆಲದ ಮೇಲೆ ಪ್ರಕ್ಷುಬ್ಧತೆಗೆ ಒಂದು ದಿನಚರಿಯಿದೆ: ನಡುಹಗಲಿನಲ್ಲಿ ಹೆಚ್ಚು, ಸೂರ್ಯೋದಯ ಮತ್ತು ಸೂರ್ಯಾಸ್ತಗಳ ಸಮೀಪ ಕಡಿಮೆ. ಕಡಲಿಗೆ ಆ ದಿನಚರಿ ಇಲ್ಲ, ಏಕೆಂದರೆ ನೀರಿನ ಉಷ್ಣತೆ ಹಗಲು ರಾತ್ರಿಗಳ ನಡುವೆ ಹೆಚ್ಚು ಬದಲಾಗುವುದಿಲ್ಲ. ಅಲ್ಲಿ ಎಲ್ಲವನ್ನೂ ಆಳುವುದು ಗಾಳಿ ಮತ್ತು ನೀರಿನ ಉಷ್ಣತೆಗಳ ವ್ಯತ್ಯಾಸ. ಎರಡೂ ಹೆಚ್ಚುಕಡಿಮೆ ಸಮವಾದಾಗ ಪ್ರಕ್ಷುಬ್ಧತೆ ಆಳಕ್ಕೆ ಕುಸಿಯುತ್ತದೆ. ಬಿಸಿ ನೀರಿನ ಮೇಲೆ ತಂಪು ಗಾಳಿ ಬಂದಾಗ ಮೇಲ್ಮೈಗೆ ಸಮೀಪದ ಗಾಳಿಯನ್ನು ಕುರಿತ ಮೊನಿನ್ ಮತ್ತು ಒಬುಖೊವ್ ಅವರ ಸಾಮ್ಯತಾ ಸಿದ್ಧಾಂತದ ಮೇಲೆ ಕಟ್ಟಿದ ಮಾದರಿಗಳು ಸಾಮಾನ್ಯ ಹವಾಮಾನದ ಅಳತೆಗಳಿಂದಲೇ ಸಿ-ಎನ್-ಸ್ಕ್ವೇರ್ಡ್ ಅನ್ನು ತೃಪ್ತಿಕರವಾಗಿ ಊಹಿಸುತ್ತವೆ. ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ ಗಾಳಿ ಬಂದು ಕೂತಾಗ ಮಾತ್ರ ಅದೇ ಮಾದರಿಗಳು ತಡವರಿಸುತ್ತವೆ. ಆ ಸ್ಥಿತಿಯಲ್ಲಿ ಗಾಳಿ ಪದರಪದರವಾಗಿ ನಿಲ್ಲುತ್ತದೆ, ಸುಳಿಗಳು ಬಿಟ್ಟುಬಿಟ್ಟು ಏಳುತ್ತವೆ, ಬೆಳಕು ಬಾಗಿ ದಿಗಂತದಾಚೆಯ ಹಡಗು ಕೂಡ ತೇಲಿದಂತೆ ಕಾಣಬಹುದು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬರುವುದರಿಂದ ಈ ಸ್ಥಿತಿ ಸಾಮಾನ್ಯ. ಬೇಸಿಗೆಯ ಪರ್ಷಿಯನ್ ಕೊಲ್ಲಿಯಲ್ಲೂ ಮರುಭೂಮಿಯ ಬಿಸಿಗಾಳಿ ನೀರಿನ ಮೇಲೆ ಹರಿದುಬರುತ್ತದೆ. ಈಚಿನ ವರ್ಷಗಳಲ್ಲಿ ನನ್ನ ಕೆಲಸ ಬಹುಪಾಲು ಈ ತಡವರಿಕೆಯ ಸುತ್ತಲೇ ಇದೆ. ಯಂತ್ರಕಲಿಕೆಯ ವಿಧಾನಗಳನ್ನೂ ಬಳಸುತ್ತಿದ್ದೇವೆ. ಅವು ಕಲಿತ ಜಾಗದಲ್ಲಿ ಚೆನ್ನಾಗಿ ಊಹಿಸುತ್ತವೆ, ಬೇರೆ ಕರಾವಳಿಗೆ ಒಯ್ದರೆ ಅಷ್ಟು ನಂಬುವಂತಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಖಗೋಳಶಾಸ್ತ್ರಜ್ಞರು ಕನ್ನಡಿಯನ್ನೇ ಕ್ಷಣಕ್ಷಣಕ್ಕೂ ಬಾಗಿಸಿ ಗಾಳಿಯ ನಡುಕವನ್ನು ಅಳಿಸುತ್ತಾರಲ್ಲ, ಇಲ್ಲಿಯೂ ಅದನ್ನೇ ಮಾಡಬಾರದೇ ಎಂದು ಬಹಳ ಮಂದಿ ಕೇಳುತ್ತಾರೆ. ದೂರದರ್ಶಕದ ವಿಷಯದಲ್ಲಿ ಕೆಡುಕಿನ ಗಾಳಿಯಲ್ಲಿ ಬಹುಭಾಗ ಕನ್ನಡಿಯ ಸಮೀಪದಲ್ಲಿರುತ್ತದೆ. ಕಡಲಿನ ಮೇಲಿನ ಅಡ್ಡಹಾದಿಯಲ್ಲಿ ಅದು ಉದ್ದಕ್ಕೂ ಹರಡಿರುತ್ತದೆ. ನಾನು ಮೇಲೆ ಕೊಟ್ಟ ಉದಾಹರಣೆಯ ಕೆಟ್ಟ ದಿನದಂದು ಬೆಳಕಿನ ಮಿನುಗು ಎಷ್ಟು ತೀವ್ರವಾಗಿರುತ್ತದೆಂದರೆ ಕಿರಣದ ಕೆಲವು ಬಿಂದುಗಳಲ್ಲಿ ಬೆಳಕು ಪೂರ್ತಿ ಆರಿಹೋಗಿ, ಆ ಬಿಂದುಗಳ ಸುತ್ತ ಅಲೆಯ ಹಂತವೇ ಸುರುಳಿಯಾಗುತ್ತದೆ. ಅಖಂಡ ಕನ್ನಡಿಯೊಂದು ಆ ಸುರುಳಿಯ ಆಕಾರವನ್ನು ತಾಳಲಾರದು. ಹತ್ತಿರದ ಗುರಿಗಳಿಗೆ, ಒಳ್ಳೆಯ ದಿನಗಳಿಗೆ ಈ ತಂತ್ರ ನೆರವಾಗುತ್ತದೆ. ಕೆಟ್ಟ ದಿನವನ್ನು ಒಳ್ಳೆಯ ದಿನವನ್ನಾಗಿ ಮಾಡುವ ಶಕ್ತಿ ಅದಕ್ಕಿಲ್ಲ.

ಕಿರಣ ಗುರಿಯನ್ನು ಮುಟ್ಟಿದ ಮೇಲೆ ಏನಾಗುತ್ತದೆ ಎನ್ನುವುದನ್ನು ಪ್ರೌಢಶಾಲೆಯ ಉಷ್ಣವಿಜ್ಞಾನದಿಂದಲೇ ಅಂದಾಜು ಮಾಡಬಹುದು. 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನಲ್ಲಿ 10 ಸೆಂಟಿಮೀಟರ್ ವ್ಯಾಸದ ರಂಧ್ರ ಮಾಡಬೇಕಾದರೆ ಸುಮಾರು 42 ಗ್ರಾಂ ಲೋಹವನ್ನು 660 ಡಿಗ್ರಿಗೆ ಏರಿಸಿ ಕರಗಿಸಬೇಕು. ಅದಕ್ಕೆ ಬೇಕಾಗುವ ಶಕ್ತಿ ಸುಮಾರು 41 ಕಿಲೋಜೂಲ್. 30 ಕಿಲೋವ್ಯಾಟಿನ ಕಿರಣ ಪೂರ್ತಿಯಾಗಿ ಒಳಸೇರಿದರೆ ಒಂದೂವರೆ ಸೆಕೆಂಡಿನೊಳಗೆ ಕೆಲಸ ಮುಗಿಯಬೇಕು. ಆದರೆ ಹೊಳೆಯುವ ಅಲ್ಯೂಮಿನಿಯಂ ಬೆಳಕಿನ ಬಹುಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತನೇ ಒಂದು ಪಾಲು ಮಾತ್ರ ಒಳಸೇರಿದರೆ ಹದಿನಾಲ್ಕು ಸೆಕೆಂಡು ಬೇಕು. ಅದೂ ದಾರಿಯಲ್ಲಿ ಏನೂ ನಷ್ಟವಾಗದಿದ್ದರೆ, ಕಿರಣ ಅಷ್ಟೂ ಹೊತ್ತು ಅದೇ ಜಾಗದಲ್ಲಿ ಅಲುಗದೆ ನಿಂತಿದ್ದರೆ. ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗದ ಕ್ಷಿಪಣಿ 5 ಕಿಲೋಮೀಟರನ್ನು ಹದಿನೇಳು ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಇವೆರಡು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದಾಗ ತರಗತಿಯಲ್ಲಿ ಮಾತು ನಿಲ್ಲುತ್ತದೆ. ಪ್ಲಾಸ್ಟಿಕ್ ಮೈಯ ಡ್ರೋನುಗಳ ಮೇಲೆ ಲೇಸರ್ ಬೇಗ ಯಶಸ್ವಿಯಾದದ್ದೇಕೆ, ಕ್ಷಿಪಣಿಯ ವಿಷಯ ಇನ್ನೂ ಕಷ್ಟವಾಗಿಯೇ ಉಳಿದದ್ದೇಕೆ ಎನ್ನುವುದಕ್ಕೆ ಇಷ್ಟು ಲೆಕ್ಕ ಸಾಕು. 150 ಕಿಲೋವ್ಯಾಟ್ ಮಟ್ಟದ ಲೇಸರ್ ಯು.ಎಸ್.ಎಸ್. ಪೋರ್ಟ್‌ಲ್ಯಾಂಡ್ ಹಡಗಿನಿಂದ 2020ರ ಮೇ 16ರಂದು, ಅಂದರೆ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿ ಸರಿಯಾಗಿ 60 ವರ್ಷ ತುಂಬಿದ ದಿನ, ನಿಷ್ಕ್ರಿಯಗೊಳಿಸಿದ್ದೂ ಒಂದು ಡ್ರೋನನ್ನೇ. ಒಂದು ಹೊಡೆತಕ್ಕೆ ಒಂದು ಡಾಲರಿಗೂ ಕಡಿಮೆ ಖರ್ಚು ಎಂಬ ಮಾತು ಪಾನ್ಸ್ ಹಡಗಿನ ಕಾಲದಿಂದ ಪ್ರಚಾರದಲ್ಲಿದೆ. ಅದು ಇಂಧನದ ಖರ್ಚು ಮಾತ್ರ; ಲೇಸರ್, ಕನ್ನಡಿ, ತಣ್ಣೀರಿನ ವ್ಯವಸ್ಥೆ, ಅವನ್ನು ನೋಡಿಕೊಳ್ಳುವ ಜನ ಇವೆಲ್ಲವನ್ನು ಬಿಟ್ಟು ಹಾಗೆ ಹೇಳುವುದು ಸರಿಯಲ್ಲ ಎಂದು ನಾನು ಹೇಳುತ್ತಲೇ ಬಂದಿದ್ದೇನೆ.

ನನಗೆ ಪಾಠ ಮಾಡುವ ಕೆಲಸ ಸಂಶೋಧನೆಯಷ್ಟೇ ಪ್ರಿಯವಾಗಲು ನನ್ನ ವಿದ್ಯಾರ್ಥಿಗಳೇ ಕಾರಣ. ಹಡಗಿನಲ್ಲಿ ಕೆಲಸ ಮಾಡಿ ಬಂದ ಅಧಿಕಾರಿಗಳು ಭೌತಶಾಸ್ತ್ರದ ಪದವಿ ಪಠ್ಯವನ್ನು ಮರೆತಿರಬಹುದು, ಆದರೆ ಕಡಲನ್ನು ಮರೆತಿರುವುದಿಲ್ಲ. ಹೊಗೆಕೊಳವೆಯಿಂದ ಹೊರಬಿದ್ದ ಬಿಸಿಗಾಳಿ ಕಿರಣದ ದಾರಿಗೆ ಅಡ್ಡಬಂದರೆ ಏನಾಗುತ್ತದೆ, ಯಂತ್ರಗಳ ಕಂಪನ ಕನ್ನಡಿಗೆ ತಲುಪದಂತೆ ಎಷ್ಟು ತಡೆಯಬೇಕು, 30 ಕಿಲೋವ್ಯಾಟ್ ಬೆಳಕಿಗೆ ಸುಮಾರು 100 ಕಿಲೋವ್ಯಾಟ್ ವಿದ್ಯುತ್ತು ಬೇಕಾದರೆ ಉಳಿದ 70 ಕಿಲೋವ್ಯಾಟ್ ಶಾಖವನ್ನು ಎಲ್ಲಿಗೆ ಸಾಗಿಸಬೇಕು — ಇಂಥ ಪ್ರಶ್ನೆಗಳು ಅವರಿಂದ ಬಂದವು, ಅವರ ಪ್ರಬಂಧಗಳಾದವು, ಆಮೇಲೆ ನನ್ನ ಸಂಶೋಧನೆಯ ಭಾಗವೂ ಆದವು. ಕಾವಲು ನಿಂತ ಅಧಿಕಾರಿಗೆ ಅಲೆಯ ಸಮೀಕರಣವನ್ನು ಬಿಡಿಸಿ ಕೂರಲು ಸಮಯವಿಲ್ಲ. ‘ಈಗ ಎಷ್ಟು ದೂರ, ಎಷ್ಟು ಸೆಕೆಂಡು?’ ಎನ್ನುವುದಷ್ಟೇ ಬೇಕು. ಹಾಗಾಗಿ ಪೂರ್ಣ ಅನುಕರಣೆಯ ಫಲಿತಾಂಶಗಳನ್ನು ಸರಳ ಸೂತ್ರಗಳಿಗೆ ಇಳಿಸಿ, ಹವಾಮಾನದ ಅಂಕಿಗಳನ್ನು ಕೊಟ್ಟ ಕೂಡಲೇ ಉತ್ತರ ಕೊಡುವ ಕಿರು ತಂತ್ರಾಂಶಗಳನ್ನು ನಾನೂ ವಿದ್ಯಾರ್ಥಿಗಳೂ ಸೇರಿ ಬರೆದೆವು. ಉತ್ತರದ ಜೊತೆ ಅದರ ಅನಿಶ್ಚಿತತೆಯನ್ನೂ ತೋರಿಸಬೇಕು ಎನ್ನುವುದು ನನ್ನ ಹಟ.

ಹೊರಗಿನಿಂದ ಬಂದವರಿಗೆ ಈ ಕ್ಷೇತ್ರದಲ್ಲಿ ಬಾಗಿಲುಗಳು ಬೇಗ ತೆರೆಯುವುದಿಲ್ಲ. ಅಮೆರಿಕದಲ್ಲಿ ರಕ್ಷಣಾ ಸಂಶೋಧನೆಯ ಹಲವು ಭಾಗಗಳಿಗೆ ಪೌರತ್ವ ಬೇಕು, ರಫ್ತು ನಿಯಂತ್ರಣದ ಕಾನೂನುಗಳಿವೆ. ಪೌರತ್ವ ಸಿಗುವ ತನಕ ನಾನು ಮಾಡಿದ್ದು ಪೂರ್ತಿಯಾಗಿ ಬಹಿರಂಗ ಸಂಶೋಧನೆ, ಆಮೇಲೆಯೂ ಹೆಚ್ಚಿನ ಭಾಗ ಅದೇ. ವಾತಾವರಣದ ಭೌತಶಾಸ್ತ್ರ ಗುಟ್ಟಿನ ವಿಷಯವಲ್ಲ. ಅದೇ ಅಳತೆಗಳು ಲೇಸರ್ ಸಂವಹನಕ್ಕೂ ಹವಾಮಾನ ವಿಜ್ಞಾನಕ್ಕೂ ಬೇಕು. ವಿಶ್ವವಿದ್ಯಾಲಯದಲ್ಲಿರುವವರು ಪ್ರಕಟಿಸಬಹುದಾದ ಪ್ರಶ್ನೆಗಳನ್ನೇ ಆರಿಸಿಕೊಳ್ಳಬೇಕು ಎಂದು ಎಳೆಯರಿಗೆ ಹೇಳುತ್ತೇನೆ, ಏಕೆಂದರೆ ಬೇರೆಯವರು ಪರೀಕ್ಷಿಸಲಾಗದ ಲೆಕ್ಕದ ಮೇಲೆ ನನಗೆ ಭರವಸೆ ಕಡಿಮೆ.

ಆಯುಧದ ಕೆಲಸ ಮಾಡುವುದು ಸರಿಯೇ ಎಂದು ಮನೆಯವರೂ ಗೆಳೆಯರೂ ಕೇಳಿದ್ದಾರೆ. ಹಡಗಿನತ್ತ ಬರುವ ಡ್ರೋನನ್ನು ತಡೆಯುವ ಆಯುಧ ಮನುಷ್ಯರ ಪ್ರಾಣ ಉಳಿಸುತ್ತದೆ ಎಂದು ನಾನು ನಂಬಿದ್ದೇನೆ, ಮತ್ತು ಅದರ ಮಿತಿಗಳನ್ನು ಪ್ರಾಮಾಣಿಕವಾಗಿ ಹೇಳುವವರು ಒಳಗೆ ಇರಬೇಕೆಂದೂ ನಂಬಿದ್ದೇನೆ. ಮನುಷ್ಯರನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರುಗಳನ್ನು 1995ರಲ್ಲಿ ವಿಯೆನ್ನಾದಲ್ಲಿ ಒಪ್ಪಿದ, 1998ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆ ನಿಷೇಧಿಸಿದೆ. ಅದನ್ನು ನನ್ನ ತರಗತಿಯಲ್ಲಿ ಭೌತಶಾಸ್ತ್ರದ ಭಾಗವಾಗಿಯೇ ಪಾಠ ಮಾಡುತ್ತೇನೆ. 1 ಮೈಕ್ರಾನಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಗುರಿಯ ಹೊಳಪಿನ ಮೈಯಿಂದ ಪ್ರತಿಫಲಿಸಿದ ಕಿರಣ ಎಷ್ಟು ದೂರದ ತನಕ, ಯಾವ ದಿಕ್ಕಿನಲ್ಲಿ ಅಪಾಯಕಾರಿ ಎಂಬ ಲೆಕ್ಕವನ್ನೂ ನಾನು ಮಾಡಿದ್ದೇನೆ. ನನ್ನ ಕೆಲಸಗಳಲ್ಲಿ ಅದಕ್ಕೆ ಕೊಟ್ಟಷ್ಟು ಎಚ್ಚರವನ್ನು ಬೇರೆ ಯಾವುದಕ್ಕೂ ಕೊಟ್ಟಿಲ್ಲ.

ಭಾರತದಲ್ಲಿಯೂ ಈ ಕೆಲಸ ಈಗ ವೇಗ ಪಡೆದಿದೆ. 2025ರ ಏಪ್ರಿಲ್ 13ರಂದು ಡಿ.ಆರ್.ಡಿ.ಓ. ಕರ್ನೂಲಿನ ಪರೀಕ್ಷಾ ಪ್ರದೇಶದಲ್ಲಿ 30 ಕಿಲೋವ್ಯಾಟ್ ಮಟ್ಟದ ಲೇಸರಿನಿಂದ ಡ್ರೋನುಗಳನ್ನು ಹೊಡೆದುರುಳಿಸಿದ ಸುದ್ದಿ ಬಂದಾಗ ಊರಿನಿಂದ ಹಲವರು ಅಭಿಪ್ರಾಯ ಕೇಳಿ ಬರೆದರು. ಹೆಮ್ಮೆಯ ಸಾಧನೆ ಎಂದೆ. ಕರ್ನೂಲಿನ ಒಣನೆಲದ ಗಾಳಿಯಲ್ಲಿ ಬಂದ ಅಂಕಿಯನ್ನು ಹಾಗೆಯೇ ಕಾರವಾರದ ನೌಕಾನೆಲೆಯ ಮುಂದಿನ ಕಡಲಿಗೆ ಒಯ್ಯಬಾರದು ಎಂದೂ ಬರೆದೆ. 28 ಡಿಗ್ರಿಯಲ್ಲಿ, ನೂರಕ್ಕೆ 80ರಷ್ಟು ತೇವದಲ್ಲಿ, ನಮ್ಮ ಕರಾವಳಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 22 ಗ್ರಾಂ ನೀರಾವಿ ಇರುತ್ತದೆ. 13 ಡಿಗ್ರಿಯ ಕ್ಯಾಲಿಫೋರ್ನಿಯಾದ ಗಾಳಿಯಲ್ಲಿ ಅದೇ ತೇವದಲ್ಲಿ ಇರುವುದು 9 ಗ್ರಾಂ. ನಾವು ಇಷ್ಟು ವರ್ಷ ಅಳೆದು ಕಟ್ಟಿದ ಮಾದರಿಗಳಲ್ಲಿ ಹೆಚ್ಚಿನವು ತಂಪು ಕಡಲುಗಳಲ್ಲಿ ಹುಟ್ಟಿದವು. ಅರಬ್ಬೀ ಕಡಲಿನಲ್ಲಿ ಬೆಳಗಿನ ನೆಲಗಾಳಿ ಬೆಚ್ಚನೆಯ ನೀರಿನ ಮೇಲೆ ಬೀಸುವಾಗ ಒಂದು ಬಗೆ, ಮಧ್ಯಾಹ್ನದ ಕಡಲಗಾಳಿಯಲ್ಲಿ ಇನ್ನೊಂದು ಬಗೆ, ಮುಂಗಾರಿನಲ್ಲಿ ನೊರೆಯೆದ್ದು ಉಪ್ಪಿನ ಕಣಗಳು ತುಂಬಿದಾಗ ಮತ್ತೊಂದು ಬಗೆ. ಇದನ್ನು ಅಳೆಯಲು ದೊಡ್ಡ ಲೇಸರ್ ಬೇಕಿಲ್ಲ. ಸಿಂಟಿಲೋಮೀಟರ್, ಧ್ವನಿ ಅನಿಮೋಮೀಟರ್, ನೀರಿನ ಉಷ್ಣತೆ ಓದುವ ಮಾಪಕ, ಎದುರುಬದುರು ಕಾಣುವ ಎರಡು ದಡ, ಮತ್ತು ಮಳೆಗಾಲವೂ ಸೇರಿದಂತೆ ಪೂರ್ತಿ ಒಂದು ವರ್ಷ ಉಪಕರಣದ ಕಿಟಕಿ ಒರೆಸಲು ತಪ್ಪದೆ ಹೋಗುವ ಇಬ್ಬರು ವಿದ್ಯಾರ್ಥಿಗಳು ಇದ್ದರೆ ಕರಾವಳಿಯ ಯಾವ ಭೌತಶಾಸ್ತ್ರ ವಿಭಾಗವೂ ಇದನ್ನು ಶುರುಮಾಡಬಹುದು. ಅಂಕಿಗಳನ್ನು ಶುದ್ಧಗೊಳಿಸುವ ನಮ್ಮ ಕ್ರಮವನ್ನು ಕೇಳಿದವರಿಗೆ ಕಳಿಸಿಕೊಡುತ್ತೇನೆ.